ಬೆನ್ನು ತಿರುಗಿಸಿದ ಹಂಸಗಳು

ಪೆರಂಬೂರ್, ಚೆನ್ನೈ
ಶುಕ್ರವಾರ, ೭ ನವೆಂಬರ್ ೨೦೨೫

ಮುಂಗಡವಿಲ್ಲದೆ ಸೂಜಿ ಮುಟ್ಟದ ವಿದ್ಯಾಗೆ, ಮುಂಗಡ ಕೇಳಲು ಬಾಯಿ ಬಾರದ ತುಂಗಾಳ ನೆನಪುಗಳು.

ಫೋನಿನಲ್ಲಿ ಎರಡು ಸಾಲು ಒತ್ತಿದರೆ ಮುಗಿಯುವುದಕ್ಕೆ ಇವಳೇಕೆ ಕಾಗದ ಬರೆದಳು ಎಂದುಕೊಳ್ಳುತ್ತೀಯ. ಇದು ನನ್ನ ಚಪಲವಲ್ಲ, ಗೋದಾಬಾಯಿಯ ಹಟ. ಒಂಬತ್ತು ವರ್ಷದಿಂದ ನಮ್ಮಿಬ್ಬರ ಬ್ಲೌಸುಗಳಿಗೂ ಕೊಕ್ಕೆಸೂಜಿಯ ಆರಿ ಕಸೂತಿ ಹಾಕಿಕೊಟ್ಟವಳು ಈಗ ನನ್ನ ಮನೆಯ ಹಾಲಿನಲ್ಲಿ ನೆಲದ ಮೇಲೆ ಕೂತು, ಬೇಡವೆಂದರೂ ಕೇಳದೆ, ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಳೆ. ನಾನು ಬರೆದು ಮುಗಿಸಿದ ಕೂಡಲೇ ಎರಡು ಬಸ್ಸು ಬದಲಾಯಿಸಿ ಶೋಳಿಂಗನಲ್ಲೂರಿಗೆ ಬಂದು ನಿನ್ನ ಕೈಯಲ್ಲೇ ಇದನ್ನು ಇಡುತ್ತಾಳಂತೆ. ವಾಟ್ಸಾಪ್ ಆಗದೇ ಎಂದು ಕೇಳಿದೆ. ಹುಬ್ಬಳ್ಳಿ ಬಿಟ್ಟು ಮೂವತ್ತು ವರ್ಷವಾದರೂ ಮಾಸದ ಮಾತಿನಲ್ಲಿ ಉತ್ತರ ಬಂತು: "ಅದರಾಗ ಹಾಕಿದ್ರ ಒಂದು ಬೆರಳಿನಾಗ ಅಳಿಸಿಬಿಡ್ತಾರ್ರಿ. ಕಾಗದ ಹರೀಬೇಕಂದ್ರ ಎರಡು ಕೈಯರ ಬೇಕು."

ನಿನ್ನ ಆ ಜೋಡಿ ಹಂಸದ ಡಿಸೈನನ್ನು ತಾನು ಯಾರಿಗೂ ಕೊಟ್ಟಿಲ್ಲ ಎಂದು ನಾನು ನಿನಗೆ ಬರೆಯಬೇಕಂತೆ. ನೀನು ಅವಳಿಗೆ ಕೆಲಸ ಕೊಡುವುದು ನಿಲ್ಲಿಸಿ ಎರಡೂವರೆ ತಿಂಗಳಾಯಿತು. ನಾನು ನಿನ್ನ ಹಳೆಯ ಪಾಲುದಾರಳು, ಮೇಲಾಗಿ ಕನ್ನಡದಲ್ಲಿ ಬಿ.ಎ. ಮಾಡಿದವಳು, ನಾನು ಬರೆದರೆ ನೀನು ನಂಬುತ್ತೀಯ ಎಂದು ಅವಳ ಲೆಕ್ಕ. ಇಪ್ಪತ್ತೈದು ವರ್ಷದಲ್ಲಿ ನನ್ನ ಬಿ.ಎ. ಒಬ್ಬರಿಗೆ ಬೇಕಾಗಿದ್ದು ಇದೇ ಮೊದಲು.

ಗೋದಾಬಾಯಿಯದು ಏನೂ ತಪ್ಪಿಲ್ಲ. ಬರೆದಾಯಿತು. ಆದರೆ ಈ ಒಂದು ಸಾಲನ್ನು ನೀನು ನಂಬಬೇಕಾದರೆ ಇನ್ನೂ ಎರಡು ಪುಟ ನಾನು ಬರೆಯಬೇಕು. ಮೊದಲು ಹೊಟ್ಟೆಕಿಚ್ಚಿನ ವಿಷಯ ಮುಗಿಸಿಬಿಡುತ್ತೇನೆ.

ಆರು ವರ್ಷ ಇದೇ ಹಾಲಿನಲ್ಲಿ ನಾವಿಬ್ಬರೂ ಎದುರುಬದುರು ಕೂತು ಕಸೂತಿ ಹಾಕಿದೆವು. ಒಬ್ಬ ಮಹಾತಾಯಿ ನಾಲ್ಕು ಸ್ಕೆಚ್ಚನ್ನು ಮನೆಯವರಿಗೆ ತೋರಿಸಿ ಬರುತ್ತೇನೆಂದು ಒಯ್ದು, ಬೇರೆ ಕಡೆ ಅರ್ಧ ದುಡ್ಡಿಗೆ ಹಾಕಿಸಿಕೊಂಡು, ಅದನ್ನೇ ತೊಟ್ಟು ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದಿದ್ದಳಲ್ಲ, ಅವತ್ತು ನಿನ್ನ ಮುಖ ಗಟ್ಟಿಯಾಯಿತು. ಇನ್ನು ಮೇಲೆ ಸ್ಕೆಚ್ಚಿನ ಫೋಟೊ ಇಲ್ಲ, ಸ್ಕೆಚ್ಚಿಗೇ ಐನೂರು, ಬಟ್ಟೆ ಚೌಕಟ್ಟಿಗೇರುವ ಮುಂಚೆ ಅರ್ಧ, ಕೈಗೆ ಕೊಡುವ ಮುಂಚೆ ಪೂರ್ತಿ ಎಂದೆ ನೀನು. ಮನೆಗೆ ಬಂದವರ ಎದುರು ಕಾಫಿಗೂ ಮುಂಚೆ ಕೈ ಚಾಚುವುದು ಹೇಗೆ ಎಂದೆ ನಾನು. "ಕಾಫಿ ಕೊಡೇ, ಸ್ಕೆಚ್ ಕೊಡಬೇಡ" ಎಂದೆ ನೀನು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಪ್ರಾಸ ಬರುತ್ತದೆ, ನಿನಗೆ ಗೊತ್ತೇ ಇದೆ. ಬಂದ ಗಿರಾಕಿಗಳ ಮುಂದೆಲ್ಲ ನಿನ್ನ ಮೇಲೆ ಹೇಳಿಕೊಂಡು ತಿರುಗಿದೆ:

ಮುಂಗಡ ಕೊಟ್ಟರೆ ಮಂದಹಾಸ,
ಕೊಡದೇ ಹೋದರೆ ವನವಾಸ!

ನೀನೂ ನಕ್ಕೆ. ಮುಂದಿನ ತಿಂಗಳು ಅಂಗಡಿ ಬಾಡಿಗೆಗೆ ಹಿಡಿದು ಹೊರಟುಹೋದೆ. ಮೂರು ವರ್ಷವಾಯಿತು. ಆ ಎರಡು ಸಾಲನ್ನು ನೀನು ಚೌಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ್ದೀಯಂತೆ. ಗಿರಾಕಿಗಳು ಓದಿ ನಗುತ್ತಾ ದುಡ್ಡು ಎಣಿಸುತ್ತಾರಂತೆ. ನಾನು ಬೈಯಲು ಕಟ್ಟಿದ್ದು ನಿನಗೆ ಬೋರ್ಡಾಯಿತು. ಅದಕ್ಕೆ ನನಗೆ ಐನೂರು ಬಂದಿಲ್ಲ ಎಂಬುದನ್ನು ಸುಮ್ಮನೆ ನೆನಪಿಸುತ್ತಿದ್ದೇನೆ.

ನಿನ್ನ ಗಾಜಿನ ಬಾಗಿಲಿನ ಮೇಲೆ ನನಗೆ ಅಸೂಯೆಯಿಲ್ಲ. ಇದೆ, ಆದರೆ ಕಡಿಮೆ. ಏಸಿಯ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ. ನನಗೆ ಉರಿಯುವುದು ಬೇರೆ. ನಿನ್ನನ್ನು ಬೈಯುವವರೆಲ್ಲ ನಿನಗೆ ದುಡ್ಡು ಕೊಡುತ್ತಾರೆ, ನನ್ನನ್ನು ಹೊಗಳುವವರೆಲ್ಲ ಮುಂದಿನ ತಿಂಗಳು ಕೊಡುತ್ತಾರೆ. ತುಂಗಕ್ಕನ ಮನಸ್ಸು ಬಂಗಾರ ಎನ್ನುವವರ ಮನೆಯಲ್ಲಿ ನಾನು ಹಾಕಿಕೊಟ್ಟ ಜರಿಗೆ ಇನ್ನೂ ನಾನೇ ಸಾಲ ತೀರಿಸುತ್ತಿದ್ದೇನೆ. ನನ್ನ ಮಗಳು ವೀಕ್ಷಾ ಇನ್‌ಸ್ಟಾಗ್ರಾಮಿನಲ್ಲಿ ನಿನ್ನ ಪ್ರತಿ ಬ್ಲೌಸಿಗೂ ಹೃದಯ ಒತ್ತುತ್ತಾಳೆ. ಯಾಕೆ ಎಂದು ಕನ್ನಡದಲ್ಲಿ ಗದರಿದರೆ, "ನಲ್ಲಾ ಇರುಕ್ಕುಮ್ಮಾ" ಎಂದು ತಮಿಳಿನಲ್ಲಿ ಜಾರಿಕೊಳ್ಳುತ್ತಾಳೆ. ಚೆನ್ನಾಗಿರುವುದು ನನಗೂ ಕಾಣುತ್ತದೆ, ಅದೇ ತಾನೇ ನನ್ನ ರೋಗ. ನಮ್ಮನೆಯವರು ಒಂದು ದಿನ ಊಟದ ನಡುವೆ, ವಿದ್ಯಾ ಮುಂಚೆ ಕೇಳುವುದರಲ್ಲಿ ತಪ್ಪೇನಿದೆ ಎಂದರು. ಎರಡು ದಿನ ಅವರ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ಇಂಥ ಕಾಲದಲ್ಲಿ ಕಲ್ಯಾಣಮ್ಮ ಬಂದರು. ಪ್ಯಾರೀಸ್ ಕಾರ್ನರಿನಲ್ಲಿ ಗಂಡನಿಗೆ ಸಗಟು ಅಂಗಡಿ, ಮಗಳಿಗೆ ಆಗಸ್ಟಿನಲ್ಲಿ ಮದುವೆ. ನೇರ ನಿನ್ನ ಅಂಗಡಿಯಿಂದಲೇ ಬಂದಿದ್ದರು, ಮುಖ ಕೆಂಪಗೆ. ಸ್ಕೆಚ್ಚಿನ ಫೋಟೊ ತೆಗೆಯಲು ಹೋದರೆ ನೀನು ಅಂಗೈ ಅಡ್ಡ ಇಟ್ಟೆಯಂತೆ, ಅಡ್ವಾನ್ಸಿಲ್ಲದೆ ಆಗುವುದಿಲ್ಲ ಎಂದೆಯಂತೆ. ನಲವತ್ತು ವರ್ಷದ ವ್ಯಾಪಾರಸ್ಥರ ಮನೆಗೇ ನಂಬಿಕೆಯಿಲ್ಲವೇ ಎಂದು ನನ್ನ ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ನಿನ್ನನ್ನು ಬೈದರು. ವಿದ್ಯಾ, ನಿಜ ಹೇಳುತ್ತೇನೆ, ಅಷ್ಟು ರುಚಿಯಾದ ಅರ್ಧ ಗಂಟೆ ನನಗೆ ಈ ವರ್ಷ ಸಿಕ್ಕಿರಲಿಲ್ಲ. ಎರಡನೇ ಸಲ ಕಾಫಿ ಮಾಡಿದೆ. ಹೋಗುವಾಗ ಅವರು ಆ ಹಂಸಗಳನ್ನು ಬಾಯಲ್ಲೇ ಬಿಡಿಸಿ ಹೇಳಿದರು: ಬೆನ್ನಿನ ಮೇಲೆ ಎರಡು ಹಂಸ ಮುಖಾಮುಖಿ, ಕೊಕ್ಕಿನಲ್ಲಿ ತಾವರೆಯ ಬಳ್ಳಿ. ನಿಮಗೆ ಬರುತ್ತಾ ಎಂದು ಕೇಳಿದರು. ಯಾಕೆ ಬರುವುದಿಲ್ಲ ಎಂದೆ.

ಬರಲಿಲ್ಲ. ನಾಲ್ಕು ದಿನ ಬಿಡಿಸಿದೆ. ನನ್ನವು ಹಂಸದಂತಿರಲಿಲ್ಲ, ಮನೆಯವರನ್ನೆಲ್ಲ ಕೇಳಿದರೆ ಬಾತುಕೋಳಿಗೆ ಬಹುಮತ ಬಂತು.

ಐದನೇ ದಿನ ಗೋದಾಬಾಯಿ ತನ್ನ ಗಂಟನ್ನು ನನ್ನ ಮನೆಯಲ್ಲಿ ಇಟ್ಟು ತಂಗಿಯ ಮನೆಗೆ ಹೋದಳು. ಅವಳ ಮನೆಯ ಗೋಡೆಗೆ ಗೆದ್ದಲಿನ ಔಷಧಿ ಹೊಡೆಯುತ್ತಿದ್ದರು, ಬಟ್ಟೆಗೆ ವಾಸನೆ ಹತ್ತಬಾರದಲ್ಲ. ಗಂಟಿನಲ್ಲಿ ನಿನ್ನ ಕೆಲಸವಿದೆಯೆಂದು ನನಗೆ ಗೊತ್ತಿತ್ತು. ಅಂಗಡಿಯಲ್ಲಿ ತೂಗುಹಾಕುವ ಮಾದರಿಗೆಂದು ನೀನು ಆ ಹಂಸವನ್ನೇ ಅವಳಿಗೆ ಕೊಟ್ಟಿದ್ದೀಯೆಂದು ಮಾತ್ರ ಗೊತ್ತಿರಲಿಲ್ಲ. ಬಿಚ್ಚಿದೆ. ನೀನು ಸೂಜಿಯಿಂದ ಚುಚ್ಚಿದ ಟ್ರೇಸಿಂಗ್ ಹಾಳೆ ಮೇಲೇ ಇತ್ತು. ಬೆಳಕಿಗೆ ಹಿಡಿದರೆ ಸಣ್ಣ ತೂತುಗಳಲ್ಲೇ ಇಡೀ ಒಂದು ಹಂಸ, ಜೋಡಿಯ ಇನ್ನೊಂದಕ್ಕೆ ಅದೇ ಹಾಳೆಯನ್ನು ಮಗುಚಿ ಹಾಕಬೇಕು. ನಿನ್ನ ಸ್ಕೆಚ್ಚಿಗೆ ನೀನು ಅಂಗೈ ಅಡ್ಡ ಇಡುತ್ತೀಯ, ತೂತಿನ ಹಾಳೆಗೆ ಯಾರಡ್ಡ ಇರುತ್ತಾರೆ? ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿ, ಬಟ್ಟೆಯ ಉಂಡೆಯಿಂದ ಒಂದು ಸಲ ಉಜ್ಜಿದೆ. ಕೆಳಗಿಟ್ಟ ಹಾಳೆಯ ಮೇಲೆ ನಿನ್ನ ಹಂಸ ಇಳಿಯಿತು. ಐದು ನಿಮಿಷದ ಕೆಲಸ. ನಿನ್ನ ಹಾಳೆಯನ್ನು ಒರೆಸಿ, ಗಂಟು ಕಟ್ಟಿಟ್ಟು, ನನ್ನ ಹಾಳೆಗೂ ಗೆರೆಗುಂಟ ಸೂಜಿಯಿಂದ ತೂತು ಚುಚ್ಚಿಕೊಂಡೆ.

ಈಗ ಇದಕ್ಕಿಂತ ನಾಚಿಕೆಯ ಭಾಗ. ಕಳ್ಳತನದ ಗಡಿಬಿಡಿಯಲ್ಲಿ ನನ್ನ ಹಾಳೆಯ ಯಾವ ಮಗ್ಗುಲು ಮೇಲೆ ಎಂದು ಗುರುತು ಹಾಕಿಕೊಳ್ಳಲಿಲ್ಲ. ಬಟ್ಟೆಗೆ ಇಳಿಸುವಾಗ ಬಲಕ್ಕೆ ಬರಬೇಕಾದ ಹಂಸ ಎಡಕ್ಕೆ, ಎಡದ್ದು ಬಲಕ್ಕೆ ಹೋಯಿತು. ಚೌಕಟ್ಟಿಗೆ ಮೂಗು ತಾಗಿಸಿ ಒಂದೊಂದೇ ಗರಿ ತುಂಬಿಸುವವಳಿಗೆ ಇಡೀ ಬೆನ್ನು ಕಾಣುವುದಿಲ್ಲ. ಮುಗಿಸಿ ಎತ್ತಿ ಹಿಡಿದಾಗ ಎರಡು ಹಂಸಗಳೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು. ಮದುವೆಗೆ ಐದೇ ದಿನ. ಹಾಗೇ ಕೊಟ್ಟೆ. ಮದುವೆಯ ಬ್ಲೌಸಿನ ಮೇಲೆ ಜಗಳವಾಡಿದ ಜೋಡಿಯೇ ಎಂದು ಕಲ್ಯಾಣಮ್ಮ ಹಣೆ ಚಚ್ಚಿಕೊಂಡರು, ಆದರೂ ಮಗಳಿಗೆ ತೊಡಿಸಿದರು, ಅದೇ ನೆಪದಲ್ಲಿ ಒಂದು ರೂಪಾಯಿಯೂ ಕೊಡಲಿಲ್ಲ. ಮಂಟಪದಿಂದ ಲಾಡು ಕಳಿಸಿದರು, ಆರು.

ಫೋಟೊ ನಮ್ಮ ಕನ್ನಡ ಸಂಘದ ಗ್ರೂಪಿಗೆ ಬಂತು, ನೀನು ನೋಡಿದೆ. ಹಾಳೆ ಇದ್ದದ್ದು ಗೋದಾಬಾಯಿಯ ಹತ್ತಿರ, ಆದ್ದರಿಂದ ಅವಳೇ ಯಾವನೋ ಅಗ್ಗದ ಟೈಲರಿಗೆ ಮಾರಿದಳೆಂದು ತೀರ್ಮಾನಿಸಿದೆ. ಗಂಟನ್ನು ನನ್ನ ಮನೆಯಲ್ಲಿ ಇಟ್ಟಿದ್ದಾಗಿ ಅವಳು ಹೇಳಿದಾಗ ನೀನು ಅಂದೆಯಂತೆ: "ತುಂಗಾ ಇಂಥ ಕೆಲಸ ಮಾಡಲ್ಲ. ಅವಳ ಕೈಯಲ್ಲಿ ಹಂಸ ಹೀಗೆ ತಿರುಗಿ ನಿಲ್ಲಲ್ಲ."

ನನ್ನ ಕಸುಬಿನ ಮೇಲೆ ನಿನಗಿದ್ದ ಆ ನಂಬಿಕೆಯ ಹಿಂದೆ ನಾನು ಎರಡೂವರೆ ತಿಂಗಳು ಅಡಗಿ ಕೂತೆ. ಕಳ್ಳಿ ಎಂದು ಒಪ್ಪಿಕೊಂಡರೆ ಕೈ ಕೆಟ್ಟವಳೆಂದೂ ಒಪ್ಪಿಕೊಳ್ಳಬೇಕಿತ್ತು. ಅದರಲ್ಲಿ ಯಾವುದು ನನ್ನ ಬಾಯಿ ಕಟ್ಟಿತೆಂದು ಕೇಳಬೇಡ, ಉತ್ತರ ನನಗೆ ಮರ್ಯಾದೆ ತರುವುದಿಲ್ಲ. ಇನ್ನೂ ಒಂದಿದೆ. ನಿನ್ನ ಕೆಲಸ ಹೋದ ಮೇಲೆ ಗೋದಾಬಾಯಿ ನನ್ನೊಬ್ಬಳಿಗೇ ಸಿಗುತ್ತಾಳೆಂದು ಒಳಗೊಳಗೇ ಹಿಗ್ಗಿದೆ. ಅವಳಿಗೆ ಕೊಡಲು ನನ್ನ ಹತ್ತಿರ ವಾರಕ್ಕೆ ಒಂದು ತೋಳಿನ ಕೆಲಸವೂ ಇರಲಿಲ್ಲ. ಕಳೆದ ವಾರ ಅವಳು ತನ್ನ ಕಸೂತಿ ಚೌಕಟ್ಟನ್ನೇ ಮಾರಲು ಗಿರಾಕಿ ಹುಡುಕುತ್ತಿದ್ದಾಳೆಂದು ತಿಳಿಯಿತು. ಬೇಡ ಎಂದು ಹೇಳಲು ಬಾಯಿ ತೆರೆದೆ, ಕಾಫಿ ಬೇಕಾ ಎಂದು ಕೇಳಿ ಮುಚ್ಚಿದೆ. ಇವತ್ತು ಅವಳೇ ಬಂದು ಕಾಗದ, ಪೆನ್ನು ಎದುರಿಗಿಟ್ಟಳು.

ಅವಳಿಗೆ ಅವಳ ಕೆಲಸ ವಾಪಸ್ಸು ಕೊಡು, ಸೋಮವಾರವೇ ಕೊಡು. ಅವಳೆದುರು ನೀನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೋ. ಬೇಕಿದ್ದರೆ ಗ್ರೂಪಿನಲ್ಲಿ ನನ್ನ ಹೆಸರು ಹಾಕು, ನಾನು ಅಲ್ಲಿಂದ ಎದ್ದುಹೋಗುವುದಿಲ್ಲ. ನಾನು ಚುಚ್ಚಿಕೊಂಡ ಹಾಳೆ ಇದರ ಜೊತೆಗಿದೆ. ಐನೂರೂ ಇದೆ, ನಿನ್ನ ನಿಯಮದಂತೆ. ನನ್ನನ್ನು ಕ್ಷಮಿಸುವುದು ಬಿಡುವುದು ನಿನಗೆ ಬಿಟ್ಟದ್ದು. ಕ್ಷಮಿಸಿದರೂ ನನ್ನ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆಂದು ಮಾತು ಕೊಡಲಾರೆ. ಅಷ್ಟು ದೊಡ್ಡ ಮನಸ್ಸೂ ನಿನ್ನದೇ ಆಗಿಬಿಟ್ಟರೆ ನನಗೆ ಇನ್ನಷ್ಟು ಉರಿಯುತ್ತದೆ.

ನಿನ್ನ ಹಂಸಗಳನ್ನು ಕದ್ದು ಕೆಡಿಸಿದ,
ತುಂಗಾ

ಮರೆತ ಮಾತು: ತಾನು ಹೊತ್ತೊಯ್ಯುವ ಕಾಗದದಲ್ಲಿ ಏನಿದೆಯೆಂದು ಗೋದಾಬಾಯಿಗೇ ತಿಳಿಯದಿದ್ದರೆ ಹೇಗೆ? ಅವಳಿಗೆ ಓದು ಬರುವುದಿಲ್ಲ, ಆದ್ದರಿಂದ ಮಡಿಸುವ ಮುಂಚೆ ಒಂದಕ್ಷರ ಬಿಡದೆ ಓದಿ ಹೇಳಿದೆ. ಅವಳು ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. ಗೊತ್ತಿತ್ತು ಎಂದಳು. ತಾನಿನ್ನೂ ಒಂದು ಸಲವೂ ಉಜ್ಜದ ಹಾಳೆ ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿತ್ತಂತೆ. ಮತ್ತೆ ವಿದ್ಯಾಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಾ ಹೇಳಿದ್ರ ಅವರು ಕೊಡೂ ಕೆಲಸ ಉಳೀತಿತ್ತು, ನೀವು ಕೊಡೂದು ಹೋಗ್ತಿತ್ತು. ನೀವಽ ಬರದ್ರ ಎರಡೂ ಉಳೀತಾವ. ಅದಕ್ಕ ಕಾದೆ."

ಇನ್ನೂ ಒಂದು ಮಾತು ಸೇರಿಸಿ ಎಂದಳು, ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ: "ವಿದ್ಯಾ ಅಕ್ಕಾವ್ರು ಗಿರಾಕಿ ಕಡೆ ಮೊದಲ ಇಸ್ಕೋತಾರ, ನನಗ ಕೊಡೂದು ಕಡೀಕ. ತುಂಗಾ ಅಕ್ಕಾವ್ರಿಗೆ ಬಂದ್ರ ನನಗ ಬರ್ತದ. ಇನ್ನ ಮ್ಯಾಲೆ ಇಬ್ಬರ ಕೆಲಸಕ್ಕೂ ಸೂಜಿ ಹಿಡಿಯೂ ಮೊದಲ ಅರ್ಧ ಕೂಲಿ."

ಮುಂದಿನ ಕೆಲಸಕ್ಕೆ ನನ್ನ ಪಾಲಿನ ಅರ್ಧ ಕೂಲಿಯನ್ನು ಈಗಲೇ ಅವಳ ಕೈಯಲ್ಲಿಟ್ಟೆ, ವಿದ್ಯಾ. ಮುಂಗಡದ ವಿಷಯದಲ್ಲಿ ಒಮ್ಮೆಯಾದರೂ ನಿನಗಿಂತ ಮುಂಚೆ.