ನಾನು ಹಾಕಿದ ಗಂಟು

ಮೇ ೧೪, ಮಂಗಳವಾರ

ಆ ಗಂಟು ನಿದ್ದೆ ಕೆಡಿಸಿದೆ. ತಂಗಿಯ ಮಗಳು ಸೊಯ್ಲಾ ತುಂಬು ಬಸುರಿ. ಸೆಕೆಗೆ ಮಂಚ ಬೇಡವೆಂದು ಇಂದು ನಮ್ಮ ಮನೆಯ ಜೋಲಿಗೆ, ಇಲ್ಲಿ ದೊಡ್ಡವರೂ ಮಲಗುವ ಬಲೆಯ ತೂಗುಹಾಸಿಗೆಗೆ, ಬಂದಳು. ತೊಲೆಗೆ ಹಗ್ಗ ಬಿಗಿದವನು ನಾನೇ.

"ಗಟ್ಟಿ ಇದ್ಯಾ, ಮಾವ?"

"ಗೂಳಿ ಮಲಗಿದ್ರೂ ಜಾರಲ್ಲ ಕಣೆ. ನನ್ನಂಗೆ ಗಂಟು ಹಾಕೋನು ಈ ಊರಲ್ಲಿ ಇನ್ನೂ ಹುಟ್ಟಿಲ್ಲ!"

"ನನ್ನೇ ಗೂಳಿ ಅಂತೀಯಾ?" ಎಂದು ನಕ್ಕು ಓರೆಯಾಗಿ ಮಲಗಿಬಿಟ್ಟಳು.

ಊರು ಬಿಟ್ಟು ಕ್ಯಾಂಕೂನ್ ಪಟ್ಟಣದ ಹೋಟೆಲಿನಲ್ಲಿ ದುಡಿಯುತ್ತಾ ವರ್ಷಗಟ್ಟಲೆ ಮಂಚದಲ್ಲಿ ಮಲಗಿದವನು ನಾನು; ಜೋಲಿ ಕಟ್ಟುವ ರೂಢಿಯೇ ತಪ್ಪಿದೆ. ಕೊನೆಯ ಸುತ್ತನ್ನು ಒಳಗೆ ತೂರಿಸಿದೆನೋ ಇಲ್ಲವೋ, ನೆನಪಾಗುತ್ತಿಲ್ಲ. ಗಂಟು ಬಿಚ್ಚಿ ಕಟ್ಟಲು ಅವಳನ್ನು ಎಬ್ಬಿಸಬೇಕು. ಎಬ್ಬಿಸಿದರೆ ಊರೆಲ್ಲ ನಗುತ್ತದೆ.

ಮಂಚದ ಹಾಸಿಗೆಯನ್ನು ಎಳೆದು ತಂದು ಜೋಲಿಯ ಕೆಳಗೆ ಹಾಸಿ, ಅದರ ಮೇಲೆ ನಾನೇ ಅಂಗಾತ ಮಲಗಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಕೇಳಿದರೆ, ಹಾಸಿಗೆಯಿಲ್ಲದೆ ಈ ಮುದುಕನಿಗೆ ನಿದ್ದೆ ಬರುವುದಿಲ್ಲ ಎನ್ನುತ್ತೇನೆ. ಅದಕ್ಕೆ ನಗಲಿ.

ಹಗ್ಗ ಕಿರುಗುಟ್ಟಿತು. ಮತ್ತೆ ಹೊರಳುತ್ತಿದ್ದಾಳೆ. ಮೆಲ್ಲಗೆ, ನನ್ನ ತಾಯೀ, ಮೆಲ್ಲಗೆ—