ಎರಡು ಬೆರಳಿನ ಸಂದು

ಏಪ್ರಿಲ್ 7, ರವಿವಾರ

ಚಹಾ. ಹಂಗೇರಿಯನ್ ಕಾದಂಬರಿಯ ಅನುವಾದ, ಎರಡು ಪುಟ ಓದು. ಆಮೇಲೆ ಶೇಂಗಾಳ ವಾಕಿಂಗ್. ಮೂರು ದಿನದಿಂದ ಇದೇ ಕ್ರಮ. ಅಂಬುಬಾಯಿ ಅತ್ತೆ ಕಣ್ಣಿನ ಆಪರೇಷನ್‌ಗೆ ರಾಯಚೂರಿಗೆ, ಮಗಳ ಮನೆಗೆ ಹೋಗಿದ್ದಾರೆ. ಬರುವವರೆಗೆ ಅವರ ನಾಯಿ ಶೇಂಗಾ ನನ್ನ ಬಳಿ. ಪುಟ್ಟ ಪೊಮೇರಿಯನ್. ಮೈಗಿಂತ ಕೂದಲೇ ಹೆಚ್ಚು.

ವಾಕಿಂಗಿಗೆ ಅತ್ತೆ ಅವಳಿಗೆ ಕಟ್ಟುವುದು ಹಳೆಯ ಇಲಕಲ್ ಸೀರೆಯ ಅಂಚಿನಿಂದ ಹೊಲಿದ ಪಟ್ಟಿ. ಎದೆ ಸುತ್ತಿ ಬೆನ್ನ ಮೇಲೆ ಗಂಟು. ಹೋಗುವಾಗ ಹೇಳಿದ್ದರು: "ವಿಶ್ಯಾ, ಕುತ್ತಿಗಿಗೆ ಏನೂ ಹಾಕಬ್ಯಾಡ. ಎದಿಗೆ ಕಟ್ಟು. ದಿನಾ ಬಿಚ್ಚು, ದಿನಾ ಕಟ್ಟು."

ಗಚ್ಚಿಬೌಲಿಯ ಟ್ರಾಫಿಕ್‌ನಲ್ಲಿ ಒಂದು ಬಟ್ಟೆಯ ಗಂಟನ್ನು ನಂಬುವುದು... ನನ್ನಿಂದಾಗದು.

ಏಪ್ರಿಲ್ 9

ಟೇಪು ಹಿಡಿದು ಕುತ್ತಿಗೆ ಅಳೆಯುತ್ತಿದ್ದೆ. ಪಕ್ಕದ ಫ್ಲ್ಯಾಟಿನ ಶೀತಲ ಬಾಗಿಲಲ್ಲಿ ನಿಂತು ನಕ್ಕರು. "ಏನ್ರೀ ವಿಶ್ವಜಿತ್, ನಾಯಿಗೆ ಬ್ಲೌಸ್ ಹೊಲಸಾಕತ್ತೀರೇನ್ರೀ?"

ಸಂಜೆ ಲಿಂಗಂಪಲ್ಲಿಯ ಅಂಗಡಿ. ಎದೆಗೆ ಹಾಕುವ ಬೆಲ್ಟುಗಳೆಲ್ಲ ಇವಳಿಗೆ ದೊಡ್ಡವು. ಕೊನೆಗೆ ಕಾಲರ್. ಮೆತ್ತಗಿನ ನೈಲಾನು, ಗಟ್ಟಿ ಬಕಲ್. ಹಗುರ ಹಗ್ಗ, ಸಣ್ಣ ಕೊಕ್ಕೆ. ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಸಂದು ಇರಬೇಕು — ಓದಿದ ಕಡೆಯೆಲ್ಲ ಇದೇ ಮಾತು. ಹಾಕಿ ನೋಡಿದೆ. ಸರಿಯಾಗಿ ಎರಡು ಬೆರಳು. ಆ ರಂಧ್ರದ ಪಕ್ಕ ಪೆನ್ನಿನಿಂದ ಚುಕ್ಕೆ ಇಟ್ಟೆ. ಇನ್ನು ದಿನಾ ನೋಡುವ ಕೆಲಸವಿಲ್ಲ.

ಸೀರೆಯಂಚನ್ನು ಮಡಿಸಿ ಡ್ರಾಯರಿಗೆ.

ಏಪ್ರಿಲ್ 14

ಅತ್ತೆಯ ಆಪರೇಷನ್ ಆಯಿತು. ಫೋನಿನಲ್ಲಿ ಮೊದಲ ಪ್ರಶ್ನೆ, "ಉಂಡಾಳ?" ನನ್ನ ಬಗ್ಗೆ ಕೇಳಿದ್ದಲ್ಲ.

ಏಪ್ರಿಲ್ 20

ವಿಪರೀತ ಬಿಸಿಲು. ಶೇಂಗಾ ಬಾತ್‌ರೂಮಿನ ನೆಲ ಬಿಟ್ಟು ಏಳುತ್ತಿಲ್ಲ. ಅಂಗಡಿಗೆ ಒಯ್ದು ಅವಳ ಕೂದಲು ತೆಗೆಸಿಕೊಂಡು ಬಂದೆ. ಲಿಫ್ಟಿನಲ್ಲಿ ಶೀತಲ: "ಅಯ್ಯ! ಅರ್ಧಾ ನಾಯಿ ಅಲ್ಲೇ ಬಿಟ್ಟು ಬಂದೀರೇನ್ರೀ?"

ನನಗೂ ನಗು ಬಂತು. ಮನೆಗೆ ಬಂದು ಕಾಲರ್ ಹಾಕಿದೆ. ಅದೇ ಚುಕ್ಕೆ.

ಏಪ್ರಿಲ್ 21, ರವಿವಾರ

ಗೇಟಿನಾಚೆ, ಬೆಳಿಗ್ಗೆ. ಹಿಂದಿನಿಂದ ಕ್ಯಾಬಿನ ಹಾರ್ನ್. ಬೆದರಿ ಹಿಂದಕ್ಕೆ ಜಗ್ಗಿದಳು, ತಲೆ ತಗ್ಗಿಸಿದಳು... ಅಷ್ಟೇ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ದುಂಡಗೆ ಕಾಲರ್. ಬಕಲ್ ಬಿಚ್ಚಿರಲಿಲ್ಲ. ಓಡಿದೆ. ಕಾರುಗಳ ನಡುವೆ ಒಂದು ಕ್ಷಣ ಕಂದು ಬೆನ್ನು. ಆಮೇಲೆ ಅದೂ ಇಲ್ಲ.

ಅಳೆದಿದ್ದು ಕೂದಲಿನ ಮೇಲಿಂದ. ಆ ಕೂದಲು ನಿನ್ನೆ ಹೋಯಿತು. ಬೆರಳು ಹಾಕಿ ನೋಡಲಿಲ್ಲ. ಚುಕ್ಕೆಯನ್ನು ನಂಬಿದೆ.

ಏಪ್ರಿಲ್ 24

ಯೂನಿವರ್ಸಿಟಿಯ ಗೋಡೆಯುದ್ದಕ್ಕೂ ಹುಡುಕಿದೆ. ವಾಚ್‌ಮನ್‌ಗಳಿಗೆಲ್ಲ ಫೋಟೊ ತೋರಿಸಿದೆ. ಫೋಟೊದಲ್ಲಿ ತುಂಬಾ ಕೂದಲು. ಅವರು ಯಾವ ನಾಯಿಯನ್ನು ಹುಡುಕಬೇಕು?

ಅತ್ತೆಯ ಫೋನು. "ಡಾಕ್ಟರ್ ಅಂದಾರ, ಕಣ್ಣಿಗೆ ನೀರು ತರಬ್ಯಾಡ್ರಿ ಅಂತ. ಶೇಂಗಾ ಇರೂತನಾ ನಾ ಯಾಕ ಅಳಲಿ, ಹೇಳು? ಒಂದೀಟು ಅಕಿ ದನಿ ಕೇಳಸು."

"ಮಲಗ್ಯಾಳ, ಅತ್ತಿ."

"ಈ ಹೊತ್ತಿನ್ಯಾಗ?"

"ಬಿಸಲು ಭಾಳ ಐತಿ."

ಏಪ್ರಿಲ್ 27

ಇಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಬಳಿ ಕಂಡಿದೆ ಎಂದು ಶೀತಲರಿಗೆ ಯಾರೋ ಹೇಳಿದ್ದರು. ಇಬ್ಬರೂ ಹೋದೆವು. ಬೇರೆ ನಾಯಿ. ವಾಪಸು ಬರುವಾಗ ಶೀತಲ ಒಂದು ತಮಾಷೆಯ ಮಾತನ್ನೂ ಆಡಲಿಲ್ಲ. ಕಾದಂಬರಿ ಅದೇ ಪುಟದಲ್ಲಿ ಬೋರಲಾಗಿದೆ.

ಏಪ್ರಿಲ್ 28, ರವಿವಾರ

ಕಾಚಿಗೂಡ ಸ್ಟೇಷನ್. ಅತ್ತೆ ಬರುವ ಗಾಡಿ ತಡ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ, ಯಾವುದು ಮೊದಲು, ಯಾವುದು ಆಮೇಲೆ ಎಂದು.

ಅತ್ತೆ ಕಪ್ಪು ಕನ್ನಡಕದಲ್ಲಿ ಇಳಿದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹೊಸ ಪಟ್ಟಿ. ಕೆಂಪು ಅಂಚಿನದು.

"ಮಗಳ ಕಡೆ ಹೊಲಿಸೀನಿ. ಬ್ಯಾಸಿಗ್ಯಾಗ ಕೂದಲಾ ತೆಗಸ್ತೀ, ಗೊತ್ತು. ಹಳೀದು ಅಕಿಗೆ ಸಡ್ಲ ಆಗ್ತೈತಿ ಅಂತ ಇದನ್ನ ಗಿಡ್ಡ ಮಾಡಿಸೀನಿ."

ನನ್ನ ಮುಖ ನೋಡಲಿಲ್ಲ. ನನ್ನ ಕಾಲ ಬಳಿ ನೋಡಿದರು. ಅಲ್ಲಿಂದ ನನ್ನ ಖಾಲಿ ಕೈ. ಮತ್ತೆ ಕಾಲ ಬಳಿ.

ಅತ್ತಿ, ಅಂದೆ. ಅತ್ತಿ, ನಾ —