ಯಾರೂ ಒಯ್ಯದ ಅಂಗಿಗಳ ಅಚ್ಚು

ಹಾಸ್ಟೆಲ್ ಕೋಣೆ,
ಫೆಬ್ರವರಿ 18, ಭಾನುವಾರ

ಪ್ರೀತಿಯ ಅಮ್ಮ,

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಪಕ್ಕದ ಕೋಣೆಯ ಗೆಳತಿ ಬರೆಯುತ್ತಿದ್ದಾಳೆ. ಶಿಲ್ಪ ವಿಭಾಗದವಳು. ದಿನವಿಡೀ ಕಲ್ಲು ಕುಟ್ಟಿಯೂ ಇಷ್ಟು ದುಂಡಗೆ ಹೇಗೆ ಬರೆಯುತ್ತಾಳೋ ಕಾಣೆ. ಬೆರಳಿಗೆ ಸ್ವಲ್ಪ ಗಾಯ, ಅಷ್ಟೇ ಅಂತ ಬರೆಸಿ ಮುಗಿಸುವವಳಿದ್ದೆ. ಇವಳು ಪೆನ್ನು ಕೆಳಗಿಟ್ಟು, "ಸುಳ್ಳು ಬರೆಯೋಕೆ ನನ್ನ ಕೈ ಕೊಡಲ್ಲ" ಅಂದಳು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ 'ಎಲ್ಲಾ ಚೆನ್ನಾಗಿದೆ' ಅಂದುಬಿಡುವುದು ನನ್ನ ನಾಲಿಗೆಗೆ ರೂಢಿಯಾಗಿದೆ.

ನೀನು ಕೆಲಸ ಮಾಡುವ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಯಾರೂ ಒಯ್ಯದೆ ಉಳಿದ ಅಂಗಿಗಳನ್ನು ಕಳಿಸು ಅಂದಾಗ, "ಓದೋಕೆ ಹೋಗಿದೀಯೋ, ಹಳೇ ಬಟ್ಟೆ ಮಾರೋಕೆ ಹೋಗಿದೀಯೋ?" ಅಂತ ನಕ್ಕಿದ್ದೆಯಲ್ಲ. ನಕ್ಕರೂ ಹನ್ನೊಂದು ಅಂಗಿಗಳನ್ನು ಇಸ್ತ್ರಿ ಮಾಡಿಯೇ ಕಳಿಸಿದೆ. ಅವುಗಳಿಂದ ನಮ್ಮ ಅಚ್ಚುಚಿತ್ರದ ವಿಭಾಗದಲ್ಲಿ ನಾನು ಮಾಡಿದ್ದು ಇಷ್ಟು: ಸತುವಿನ ತಗಡಿಗೆ ಮೆತ್ತನೆಯ ಮೇಣ ಬಳಿದು, ಅದರ ಮೇಲೆ ಅಂಗಿ ಹಾಸಿ, ಪ್ರೆಸ್ಸಿನಡಿ ಉರುಳಿಸಿದೆ. ಒಂದೊಂದು ಎಳೆಯೂ ಮೇಣದಲ್ಲಿ ಮೂಡಿತು. ತಗಡನ್ನು ಆಸಿಡ್‌ನಲ್ಲಿ ಮುಳುಗಿಸಿದಾಗ, ಮೇಣ ಸರಿದಲ್ಲೆಲ್ಲ ಅದು ಕಚ್ಚಿ ಗೀರು ಮಾಡಿತು. ಆಮೇಲೆ ಶಾಯಿ ತುಂಬಿ, ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದರೆ, ಕಾಗದದ ಮೇಲೆ ಅಂಗಿಯೇ ಬಂದು ಮಲಗಿತ್ತು ಅಮ್ಮ. ಯಾರದೋ ಕತ್ತು ಉಜ್ಜಿ ಉಜ್ಜಿ ಕಾಲರು ಸವೆದ ಜಾಗ ಕೂಡ ತಿಳಿ ಬೂದುಬಣ್ಣದಲ್ಲಿ ಕಾಣುತ್ತಿತ್ತು. ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, "ಇದನ್ನ ಬಿಡಬೇಡ" ಅಂದರು. ಏಪ್ರಿಲ್‌ನ ಪ್ರದರ್ಶನಕ್ಕೆ ಹನ್ನೊಂದೂ ಆಗಬೇಕು. ಮೂರು ಮುಗಿಸಿದೆ.

ನಾಲ್ಕನೆಯದರ ಹೊತ್ತಿಗೆ ಬೆರಳ ಸಂದಿಯಲ್ಲಿ ನವೆ ಶುರುವಾಯಿತು. ಚಳಿಗೆ ಚರ್ಮ ಒಡೆದಿರಬೇಕು ಅಂದುಕೊಂಡೆ. ಆಮೇಲೆ ಗುಳ್ಳೆ, ಗುಳ್ಳೆ ಒಡೆದು ನೀರು. ಡಾಕ್ಟರು ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ನಮ್ಮ ಶಾಯಿಯಲ್ಲೂ ಮೇಣದಲ್ಲೂ ಬೆರೆಸುವ ರಾಳ ನನಗೆ ಆಗುವುದಿಲ್ಲವಂತೆ. ರಬ್ಬರ್ ಕೈಗವಸೂ ಆಗದು. ಕಡಿಮೆ ಮಾಡಿದರೆ ಸಾಕಾ ಅಂತ ಕೇಳಿದೆ. "ಕಡಿಮೆ ಅಲ್ಲಮ್ಮ, ಬಿಡಬೇಕು. ಚರ್ಮ ಒಂದ್ಸಲ ಬೇಡ ಅಂದ್ಮೇಲೆ ಒಪ್ಸೋದು ನಮ್ಮ ಕೈಲಿಲ್ಲ" ಅಂದರು.

ನಾನು ಬಿಡಲಿಲ್ಲ. ರಾಳವಿಲ್ಲದ ದಾರಿ ಹುಡುಕಿದೆ. ನೆಲಕ್ಕೆ ಹಚ್ಚುವ ಮೇಣ ಬಳಿದು ನೋಡಿದೆ, ಬಿರುಕುಬಿಟ್ಟಿತು. ರಟ್ಟಿಗೆ ಅಂಟು ಬಳಿದು, ಅಂಗಿ ಒತ್ತಿ, ಅದನ್ನೇ ತಗಡಿನಂತೆ ಬಳಸಿದೆ. ಎರಡನೇ ಅಚ್ಚಿಗೇ ಹಪ್ಪಳದ ಹಾಗೆ ಮುರಿಯಿತು. ಶಾಯಿಯನ್ನೇ ಮಾಡೋಣವೆಂದು ಅಗಸೆ ಎಣ್ಣೆ ಕಾಯಿಸಿ ಮಸಿ ಬೆರೆಸಲು ಹೋದೆ. ಹೊಗೆ ತುಂಬಿ ಇಡೀ ಕಟ್ಟಡದ ಬೆಂಕಿ ಎಚ್ಚರಿಕೆಯ ಗಂಟೆ ಬಡಿದುಕೊಂಡಿತು. ಪ್ರೆಸ್ಸು ನೋಡಿಕೊಳ್ಳುವ ಶಾಯಿಮಾಮ (ಮೂವತ್ತು ವರ್ಷದಿಂದ ಅಲ್ಲೇ ಇರುವವರು, ಎಲ್ಲರೂ ಹಾಗೇ ಕರೆಯುವುದು) ಬಕೆಟ್ ಹಿಡಿದು ಓಡಿಬಂದು, "ಚಿತ್ರ ಸುಡು, ಬೇಡ ಅನ್ನಲ್ಲ. ನನ್ನ ಪ್ರೆಸ್ಸು ಸುಡಬೇಡ ಮಾರಾಯ್ತಿ!" ಅಂದರು. ಆ ದಿನ ಕೊನೆಯ ಸಲ ಹೊಟ್ಟೆತುಂಬ ನಕ್ಕಿದ್ದೆ.

ಮೂರನೇ ವಾರ ಆ ಶಾಯಿ ಹದಕ್ಕೆ ಬಂತು. ಹತ್ತಿಯ ಕೈಗವಸಿನ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು, ಮೊದಲ ತಗಡಿನಿಂದಲೇ ಒಂದು ಅಚ್ಚು ತೆಗೆದೆ. ಚೆನ್ನಾಗಿ ಬಂತು. ಗೆದ್ದೆ ಅಂದುಕೊಂಡೆ. ಮಾರನೇ ಬೆಳಿಗ್ಗೆ ಕಣ್ಣು ತೆರೆಯಲು ಆಗಲಿಲ್ಲ, ರೆಪ್ಪೆಗಳು ಊದಿಕೊಂಡಿದ್ದವು. ಮೇಜು, ಬಾಗಿಲ ಹಿಡಿ, ಪ್ರೆಸ್ಸಿಗೆ ಹಾಸುವ ಕಂಬಳಿ ಎಲ್ಲದರಲ್ಲೂ ವರ್ಷಗಳಿಂದ ರಾಳ ಕೂತಿದೆ. ನಾನು ಶಾಯಿ ಬದಲಿಸಬಹುದು, ಆ ಕೋಣೆಯನ್ನು ಹೇಗೆ ಬದಲಿಸಲಿ?

ನೀನು ಹೊರಗೆ ನಿಂತು ಹೇಳು, ಮಾಮ ಮಾಡಲಿ ಅಂದರು ಮೇಷ್ಟ್ರು. ಮೊನ್ನೆ ಗುರುವಾರ ಗಾಜಿನ ಬಾಗಿಲಿನ ಈಚೆ ನಿಂತೆ. ಒಳಗೆ ಮಾಮ ನಾಲ್ಕನೆಯ ತಗಡಿಗೆ ಶಾಯಿ ತುಂಬಿ ಒರೆಸತೊಡಗಿದರು. ಕಾಲರಿನ ಹತ್ತಿರ ತುಸು ಶಾಯಿ ಉಳಿದರೇ ಸವೆದ ಗುರುತು ಮೂಡುವುದು, ಅಲ್ಲಿಗೆ ಬಂದಾಗ ಸಾಕು, ಸಾಕು ಅಂತ ಕೂಗಿದೆ. ಕೇಳಿಸಲಿಲ್ಲ. ಬಟ್ಟೆ ಸುತ್ತಿದ ಕೈಯಿಂದ ಗಾಜು ಬಡಿದೆ, ಸದ್ದೇ ಬರಲಿಲ್ಲ. ಅವರದು ಶಿಸ್ತಿನ ಕೈ, ಶಾಯಿಯ ಕಲೆ ಉಳಿಸಿ ಗೊತ್ತಿಲ್ಲ. ಚೊಕ್ಕಟವಾಗಿ ಒರೆಸಿ ಅಚ್ಚು ತೆಗೆದು, ಗಾಜಿಗೆ ಹಿಡಿದು ತೋರಿಸಿದರು. ಕತ್ತಿನ ಗುರುತು ಹೋಗಿತ್ತು. ಅಂಗಡಿಯಿಂದ ಆಗಷ್ಟೇ ತಂದ ಅಂಗಿ. ಚೆನ್ನಾಗಿದೆ ಅಂತ ತಲೆಯಾಡಿಸಿದೆ. ಅವರು ಬಾಗಿಲು ತೆರೆದು ಹೊರಬಂದು, "ಅಲ್ಲ ಕಣಮ್ಮ. ನಿನ್ನ ಕೈ ಬೇರೆ" ಅಂದರು. 

ಪೆನ್ಸಿಲ್ಲಿದೆಯಲ್ಲ, ಬಣ್ಣವಿದೆಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇದೆ ಅಮ್ಮ. ಆದರೆ ನನಗೆ ಯೋಚನೆ ಹುಟ್ಟುತ್ತಿದ್ದದ್ದೇ ತಗಡು ಒರೆಸುವಾಗ. ಈಗ ಏನು ಮಾಡಬೇಕೋ ತಿಳಿಯುತ್ತಿಲ್ಲ. ಉಳಿದ ಅಂಗಿಗಳನ್ನು ವಾಪಸ್ಸು ಕಳಿಸಲಾ? ಅಷ್ಟನ್ನಾದರೂ ನೀನೇ ಹೇಳು.

ನಿನ್ನ,
ಮಗಳು

ತಾ.ಕ.: ಅಮ್ಮಾ, ಇದು ಬರೆದುಕೊಟ್ಟವಳ ಮಾತು. ಅವಳು ಮಾತ್ರೆ ತಿಂದು ಮಲಗಿದ್ದಾಳೆ. ಹತ್ತು ದಿನದಿಂದ ತುತ್ತು ನಾನೇ ಬಾಯಿಗಿಡುತ್ತಿದ್ದೇನೆ, ತಲೆ ನಾನೇ ಬಾಚುತ್ತಿದ್ದೇನೆ. 'ನೀನು ಬರುವುದೇನೂ ಬೇಡ' ಅಂತ ಕೊನೆಯಲ್ಲೊಂದು ಸಾಲು ಹೇಳಿದ್ದಳು. ಅದೊಂದನ್ನು ನಾನು ಬರೆಯಲಿಲ್ಲ.